ಈರುಳ್ಳಿಗೊಂದು ತೇಪೆ

ಫೆಬ್ರವರಿ ೪, ಭಾನುವಾರ

ಹೊಸ ವರ್ಷಕ್ಕೆ ಕಚೇರಿಯಲ್ಲಿ ಕೊಟ್ಟ ಡೈರಿ. ಒಂದು ತಿಂಗಳು ಖಾಲಿ ಬಿಟ್ಟಿದ್ದೆ. ನಲವತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ಸಾಕು, ಇಲ್ಲಿಯಾದರೂ ಬೈದುಕೊಳ್ಳೋಣ ಎಂದು ಇವತ್ತು ತೆರೆದಿದ್ದೇನೆ. ನೀರು ಸರಬರಾಜು ಕಚೇರಿಯಲ್ಲಿ ಕೂತು ಊರಿನವರ ದೂರು ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ದೂರು ಬರೆದುಕೊಳ್ಳುವವರು ಯಾರೂ ಇಲ್ಲದ್ದರಿಂದ ಅದನ್ನೂ ನಾನೇ ಬರೆಯಬೇಕು.

ದೂರು ಒಂದು. ನನ್ನ ಭಾನುವಾರ ಹೋಯಿತು, ಇನ್ನೂ ಏಳು ಹೋಗಲಿವೆ. ಮರಗೆಲಸದ ಹುಚ್ಚು ಇರುವುದು ಅಣ್ಣನಿಗೆ. ಮರದಲ್ಲಿ ಮರ ಕೂರಿಸಿ ಚಿತ್ರ ಮಾಡುವ ಎಂಟು ಭಾನುವಾರಗಳ ಇನ್‌ಲೇ ಕಾರ್ಯಾಗಾರಕ್ಕೆ ಹೆಸರು ಕೊಟ್ಟಿದ್ದವನೂ ಅವನೇ. ಅಷ್ಟರಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟವು. ಈಗ ಸೋಮ, ಬುಧ, ಶುಕ್ರ ಡಯಾಲಿಸಿಸ್. ಅದಕ್ಕೆಂದು ಎಡಗೈಗೆ ಸಣ್ಣ ಆಪರೇಷನ್ ಆಗಿದೆ, ಆ ಕೈಗೆ ಭಾರ, ಪೆಟ್ಟು ಎರಡೂ ಕೂಡದು. "ನಿಮ್ಮಣ್ಣನ ಜಾಗ ಸುಮ್ನೆ ಹಾಳಾಗುತ್ತೆ, ನೀನೇ ಹೋಗು. ಭಾನುವಾರ ಮನೇಲಿ ಒಬ್ಬಳೇ ಕೂತು ಏನ್ಮಾಡ್ತೀಯ?" ಎಂದರು ಅತ್ತಿಗೆ. ಈ ಮಾತು ಹೇಳಲು ಫೋನ್ ಮಾಡುವ ಹೊತ್ತಿಗೆ ಅವನ ಹೆಸರು ತೆಗೆಸಿ ನನ್ನ ಹೆಸರು ಬರೆಸಿಯಾಗಿತ್ತು.

ಬಣ್ಣದ ಅಂಗಡಿಯ ಮಾಳಿಗೆಯ ಮೇಲೊಂದು ಉದ್ದ ಕೋಣೆ. ಹತ್ತು ಜನ. ಎಲ್ಲರೂ ಮನೆಯ ಗ್ಯಾರೇಜಿನಲ್ಲೋ ಬಾಲ್ಕನಿಯಲ್ಲೋ ವರ್ಷಗಟ್ಟಲೆ ಮರ ಕೊಯ್ದು ಪಳಗಿದವರು. ಉಳಿ ಯಾವುದು, ಸ್ಕ್ರೂಡ್ರೈವರ್ ಯಾವುದು ಎಂದು ತಿಳಿಯದವಳು ನಾನೊಬ್ಬಳೇ. ಕಲಿಸುವಾಕೆಗೆ ಅರವತ್ತರ ಹತ್ತಿರ, ಹಿಂದೆ ಹಡಗಿನ ಕೋಣೆಗಳಿಗೆ ಮೇಜು ಕಪಾಟು ಮಾಡುತ್ತಿದ್ದರಂತೆ. ಗರಗಸದಮ್ಮ ಎಂದು ನಾನೇ ಹೆಸರಿಟ್ಟಿದ್ದೇನೆ. ನನ್ನ ಮೇಜಿನ ಜೊತೆಗಾರರು ಒಬ್ಬ ಹಲ್ಲಿನ ಡಾಕ್ಟರು. "ಸ್ವಲ್ಪ ನೋವಾಗಬಹುದು" ಎಂದು ಮರಕ್ಕೂ ಹೇಳಿಯೇ ಕೊಯ್ಯುತ್ತಾರೆ.

ಎಂಟು ವಾರದಲ್ಲಿ ಮಾಡಬೇಕಾದ್ದು ಒಂದು ಈರುಳ್ಳಿ. ಬಣ್ಣ ಬಳಿಯುವಂತಿಲ್ಲ. ಕಾಗದದಷ್ಟು ತೆಳ್ಳಗೆ ಸೀಳಿದ ಮರದ ಹಾಳೆಗಳಿಂದ ತುಣುಕು ಕತ್ತರಿಸಿ, ಸಂದಿಲ್ಲದಂತೆ ಹಲಗೆಯ ಮೇಲೆ ಕೂರಿಸಿ ಚಿತ್ರ ಬರಿಸಬೇಕು. ಹೂವು, ಹಕ್ಕಿ ಯಾಕಿಲ್ಲ ಎಂದು ಯಾರೋ ಕೇಳಿದರು. "ಹಕ್ಕಿ ತಪ್ಪಾದ್ರೆ ಯಾವುದೋ ಬೇರೆ ಜಾತಿ ಅನ್ನಬಹುದು. ಈರುಳ್ಳಿನ ಎಲ್ಲರೂ ನೋಡಿದಾರೆ" ಎಂದರು ಗರಗಸದಮ್ಮ.

ದೂರು ಎರಡು ಇದೆ. ಬರೆಯಲು ಕೈ ಬರುತ್ತಿಲ್ಲ.

ಫೆಬ್ರವರಿ ೬, ಮಂಗಳವಾರ

ದೂರು ಎರಡು. ಕಳೆದ ತಿಂಗಳು ಮನೆಯವರೆಲ್ಲರ ರಕ್ತ ಪರೀಕ್ಷೆ ಆಯಿತು. ಅಮ್ಮನಿಗೆ ವಯಸ್ಸಾಗಿದೆ, ಅತ್ತಿಗೆಗೆ ಸಕ್ಕರೆ ಕಾಯಿಲೆ, ಅವರಿಬ್ಬರಿಗೆ ಮಕ್ಕಳಿಲ್ಲ. ಉಳಿದವಳು ನಾನು. ನನ್ನದು ಅಣ್ಣನಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ಲ್ಯಾಬಿನವರೇ ಇನ್ನೊಮ್ಮೆ ನೋಡಿದರಂತೆ. ಅಮ್ಮ ಫೋನಿನಲ್ಲಿ ಅಳುತ್ತ ನಗುತ್ತ, "ಹೊಂದುತ್ತಂತೆ ಕಣೇ! ಬದುಕಿದ್ವಿ!" ಎಂದರು. ಮಾರ್ಚ್ ೨೧ಕ್ಕೆ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಆಮೇಲೆ ಸಹಿ, ಆಮೇಲೆ ಆಪರೇಷನ್.

ಕೊಡುತ್ತೀಯಾ ಎಂದು ಈ ತನಕ ಒಬ್ಬರೂ ಕೇಳಿಲ್ಲ.

ಇದೇನು ಹೊಸದಲ್ಲ. ಅಣ್ಣನ ಮದುವೆಗೆ ಕೆಲವು ದಿನ ಮುಂಚೆ ನಾನು ಕಾಲೇಜಿನಿಂದ ಪ್ರವಾಸ ಹೋಗಿದ್ದೆ. ನಾಲ್ಕು ದಿನ ಬಿಟ್ಟು ಬಂದರೆ ನನ್ನ ಮಂಚ ನಡುಮನೆಯಲ್ಲಿತ್ತು, ಕೋಣೆಯಲ್ಲಿ ಹೊಸ ಪರದೆ ತೂಗುತ್ತಿತ್ತು. "ನಿನಗೇನು, ಎಲ್ಲಿ ಬೇಕಾದ್ರೂ ಮಲಗ್ತೀಯ" ಎಂದಿದ್ದರು ಅಮ್ಮ. ಮಲಗಿದೆ.

ಫೆಬ್ರವರಿ ೧೧, ಭಾನುವಾರ

ಇವತ್ತು ಗರಗಸ. ಕೂದಲೆಳೆಯಂಥ ಬ್ಲೇಡು. ಉಸಿರು ಜೋರಾಗಿ ಬಿಟ್ಟರೂ ಮುರಿಯುತ್ತದೆ. ಹನ್ನೊಂದು ಮುರಿದೆ.

ತರಗತಿ ಮುಗಿದ ಮೇಲೆ ಅಣ್ಣನಿಗೆ ವರದಿ ಒಪ್ಪಿಸಬೇಕೆಂಬುದು ಅತ್ತಿಗೆಯ ಅಪ್ಪಣೆ. ಅವನು ಸೋಫಾದಲ್ಲಿ ಎಡಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದ.

"ಬ್ಲೇಡ್ ಎಷ್ಟು ಮುರಿದೆ?"

"ಎರಡು."

"ಸುಳ್ಳು."

"ಹನ್ನೊಂದು."

ನಕ್ಕು ನಕ್ಕು ಕೆಮ್ಮು ಹತ್ತಿತು. ಆಮೇಲೆ ನನ್ನ ಕೈಗೊಂದು ಪೋಸ್ಟ್‌ಕಾರ್ಡ್ ಕೊಟ್ಟು, ತನ್ನ ಬಲಗೈ ಬೆರಳನ್ನು ಗರಗಸದಂತೆ ಹಿಡಿದ. "ಇದು ನಿಂತಲ್ಲೇ ಮೇಲೆ ಕೆಳಗೆ ಆಡಬೇಕು, ಅಷ್ಟೇ. ತಿರುಗಬೇಕಾದ್ದು ಮರ. ನೀನು ಗರಗಸ ಹಿಡ್ಕೊಂಡು ಊರೆಲ್ಲ ಸುತ್ತುತ್ತಿದೀಯ." ಕಾರ್ಡನ್ನು ಅವನ ಬೆರಳಿನ ಸುತ್ತ ತಿರುಗಿಸಿ ಅಭ್ಯಾಸ ಮಾಡಿದೆ. ನಮ್ಮಿಬ್ಬರನ್ನು ನೋಡಿದವರು ಏನಂದುಕೊಳ್ಳಬೇಕು.

ಅಮ್ಮ ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು ತಂದಿಟ್ಟರು. ಎಲ್ಲಿಲ್ಲದ ಉಪಚಾರ. "ಚೆನ್ನಾಗಿ ತಿನ್ನು. ಈಗ ನೀನು ಹುಷಾರಾಗಿರಬೇಕು." ಊಟ ನನಗಲ್ಲ, ನನ್ನೊಳಗಿರುವ ಅದಕ್ಕೆ. ಪೂರ್ತಿ ತಿಂದೆ, ಹಸಿವಾಗಿತ್ತು.

ಫೆಬ್ರವರಿ ೧೮, ಭಾನುವಾರ

ಬಾಣಲೆಯಲ್ಲಿ ಮರಳು ಕಾಯಿಸಿ, ತುಣುಕಿನ ಅಂಚನ್ನು ಅದರಲ್ಲಿ ಅದ್ದಿ ಹತ್ತು ಎಣಿಸಬೇಕು. ಅಂಚು ಕಂದಿ ನೆರಳು ಬೀಳುತ್ತದೆ, ಚಪ್ಪಟೆ ಈರುಳ್ಳಿ ದುಂಡಗೆ ಕಾಣುತ್ತದೆ. ಹಲ್ಲಿನ ಡಾಕ್ಟರು ನಿಧಾನವಾಗಿ, ನಾನು ಬೇಗ ಬೇಗ ಎಣಿಸಿದೆವು. ಅವರದು ಕರಕಲಾಯಿತು, ನನ್ನದು ಸರಿಯಾಗಿ ಬಂತು. ಜೀವನದಲ್ಲಿ ಮೊದಲ ಸಲ ಆತುರ ಕೆಲಸಕ್ಕೆ ಬಂತು.

ತುಣುಕನ್ನು ಅಣ್ಣನಿಗೆ ತೋರಿಸಲು ಒಯ್ದಿದ್ದೆ. ಮೊದಲು ಮೂಸಿ ನೋಡಿದ. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಮೂಸಿದ. ಅವನ ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಹಾಗೇ ಉಳಿದಿತ್ತು. ನೋಡಲಾಗಲಿಲ್ಲ.

ಒಳಗಿನ ಕೋಣೆಯಲ್ಲಿ ಅಮ್ಮ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. "ನಮ್ಮ ಹುಡುಗಿನೇ ಕೊಡ್ತಿದಾಳೆ. ಅವಳಿಗೇನು, ಗಂಡನಾ ಮಕ್ಕಳಾ, ಅಡ್ಡಿ ಮಾಡೋರು ಯಾರೂ ಇಲ್ಲ." ಅಡ್ಡಿ ಮಾಡಲು ನಾನೇ ಇದ್ದೇನಲ್ಲ ಎಂದು ಬಾಯಿ ತುದಿಗೆ ಬಂತು. ಮಾತು ನುಂಗಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ನುಂಗಿದ್ದೆಲ್ಲ ಮೇಲೆ ಬಂದು ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಫೆಬ್ರವರಿ ೨೭, ಮಂಗಳವಾರ

ಆಸ್ಪತ್ರೆ. ರಕ್ತ ಒಂಬತ್ತು ಸೀಸೆ. ಎದೆಯ ಫೋಟೋ, ಹೊಟ್ಟೆಯ ಸ್ಕ್ಯಾನು. ಸ್ಕ್ಯಾನ್ ಮಾಡಿದ ಹುಡುಗಿ, "ಎರಡೂ ಎಷ್ಟು ಚೆನ್ನಾಗಿವೆ ಮೇಡಂ" ಎಂದಳು. ಮಕ್ಕಳ ಬಗ್ಗೆ ಹೇಳುವ ಹಾಗೆ.

ಓದಿಕೊಳ್ಳಲು ಒಂದು ಪುಸ್ತಕ ಕೊಟ್ಟಿದ್ದಾರೆ. ಎಷ್ಟು ಉದ್ದ ಕೊಯ್ಯುತ್ತಾರೆ, ಎಷ್ಟು ದಿನ ಭಾರ ಎತ್ತಬಾರದು, ಸಾವಿರದಲ್ಲಿ ಎಷ್ಟು ಜನಕ್ಕೆ ಏನಾಗಬಹುದು ಎಂದೆಲ್ಲ ಇದೆ. ನಾಲ್ಕನೇ ಪುಟದಲ್ಲಿ ಮುಚ್ಚಿ ಕಪಾಟಿನ ಮೇಲೆ ಎಸೆದೆ. ಭಯವೇನೂ ಇಲ್ಲ. ಸಿಟ್ಟು ಅಷ್ಟೇ.

ಮಾರ್ಚ್ ೩, ಭಾನುವಾರ

ತುಣುಕುಗಳನ್ನು ಹಲಗೆಗೆ ಅಂಟಿಸಿ, ಮೇಲೊಂದು ಹಲಗೆ ಇಟ್ಟು, ಬಿಗಿ ಮಾಡಿ ಒಣಗಲು ಬಿಟ್ಟೆವು.

ಒಂದು ಸಂಗತಿ ಬರೆದಿಡಬೇಕು. ಈರುಳ್ಳಿಯ ಹೊಟ್ಟೆಗೆ ಕೊಟ್ಟ ಕಂದು ಹಾಳೆಗಳೆಲ್ಲ ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದವು. ಗರಗಸದಮ್ಮ ಅವಕ್ಕೆ ಸೀಮೆಸುಣ್ಣದಲ್ಲಿ ನಂಬರು ಹಾಕಿದ್ದಾರೆ. ನನ್ನದು ಒಂಬತ್ತು, ಹಲ್ಲಿನ ಡಾಕ್ಟರದು ಕೊನೆಯದು, ಹತ್ತು. ಒಂದರ ಮೇಲೊಂದು ಇಟ್ಟರೆ ಗೆರೆಗೆ ಗೆರೆ ಕೂಡುತ್ತದೆ. ನಡುವೆ ಒಂದು ಬಿಟ್ಟರೆ ಕೂಡುವುದಿಲ್ಲ, ಅಷ್ಟರಲ್ಲೇ ಮರ ಬೇರೆಯಾಗಿರುತ್ತದೆ. ನಾನು ಹಾಳೆಯ ಎಡತುದಿಯಿಂದ ಹೊಟ್ಟೆ ಕತ್ತರಿಸಿಕೊಂಡೆ. ಡಾಕ್ಟರಿಗೆ ಬಲತುದಿಯ ಗೆರೆ ಚಂದ ಕಂಡಿತು.

ಇದನ್ನು ಹೇಳಿದಾಗ ಅಣ್ಣ, ಹಿಂದೊಮ್ಮೆ ಹಾಳೆಗಳ ನಂಬರು ಅಳಿಸಿಹೋಗಿ ಇಡೀ ಕಪಾಟು ಕೆಡಿಸಿದ ಕಥೆ ತೆಗೆದ. ಎರಡು ಬಾಗಿಲು ಎರಡು ಮುಖ ಮಾಡಿಕೊಂಡು ನಿಂತಿದ್ದವಂತೆ, ಅತ್ತಿಗೆಯೂ ಅಮ್ಮನೂ ಜಗಳವಾಡಿದ ದಿನ ನಿಲ್ಲುವ ಹಾಗೆ. ಅತ್ತಿಗೆ ಅಡುಗೆಮನೆಯಿಂದ, "ಕೇಳಿಸ್ತು" ಎಂದರು. ಮಾತಿಗೆ ಮಾತು ಬೆಳೆದು ಮನೆಗೆ ಬರುವಾಗ ಕತ್ತಲಾಗಿತ್ತು. ಸಿಟ್ಟು ಮಾಡಿಕೊಳ್ಳುವುದು ಮರೆತೇಹೋಗಿದೆ ಎಂದು ಬಾಗಿಲು ತೆರೆಯುವಾಗ ನೆನಪಾಯಿತು. ಈಗ ಮಾಡಿಕೊಳ್ಳಲು ಹೊರಟರೆ ಬರುತ್ತಿಲ್ಲ.

ಮಾರ್ಚ್ ೧೦, ಭಾನುವಾರ

ನಾಚಿಕೆಗೇಡು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇವತ್ತು ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡುವ ಕೆಲಸ. ಹಲ್ಲಿನ ಡಾಕ್ಟರ ಈರುಳ್ಳಿ ಎಲ್ಲರಿಗಿಂತ ಚೆನ್ನಾಗಿ ಬಂದಿತ್ತು. ಇನ್ನೂ ಚೆನ್ನಾಗಲಿ ಎಂದು ಉಜ್ಜಿದರು, ಉಜ್ಜಿದರು, ಕೊನೆಗೆ ಹಾಳೆ ಸವೆದು ಹೊಟ್ಟೆಯ ನಡುವೆ ಕೆಳಗಿನ ಹಲಗೆ ಬೆಳ್ಳಗೆ ಇಣುಕಿತು. "ಹೊಸಬರಿಗೆ ಹೀಗಾಗಲ್ಲ. ಕೈ ಪಳಗಿದವರಿಗೇ ಆಗೋದು" ಎಂದರು ಗರಗಸದಮ್ಮ.

ಅಷ್ಟರಲ್ಲಿ ಅಮ್ಮನ ಫೋನು. ಮೆಟ್ಟಿಲ ಹತ್ತಿರ ಹೋಗಿ ಮಾತಾಡಿದೆ. ಅತ್ತಿಗೆ ನಮ್ಮ ಕಚೇರಿಯ ಮೇಲಧಿಕಾರಿಗೆ ತಾವೇ ಫೋನ್ ಮಾಡಿ ನನಗೆ ಆರು ವಾರ ರಜೆ ಕೇಳಿ, ಅವರು ಒಪ್ಪಿಯೂ ಆಯಿತಂತೆ. "ನಿನಗೆ ತೊಂದರೆ ಬೇಡ ಅಂತ ಅವಳೇ ಮಾತಾಡಿದಳು" ಎಂದರು ಅಮ್ಮ. ಆಯಿತು ಎಂದು ಫೋನ್ ಇಟ್ಟೆ.

ವಾಪಸು ಬಂದರೆ ಮೇಜಿನ ಮೇಲಿದ್ದ ನನ್ನ ಒಂಬತ್ತನೇ ಹಾಳೆಯ ಬಲತುದಿಯಲ್ಲಿ ಉಗುರಿನಷ್ಟು ತೂತು. ಅಲ್ಲಿಂದ ಕತ್ತರಿಸಿದ ತುಣುಕು ಡಾಕ್ಟರ ಈರುಳ್ಳಿಯ ಹೊಟ್ಟೆಗೆ ತೇಪೆಯಾಗಿ ಕೂತಿತ್ತು. ಗೆರೆಗೆ ಗೆರೆ ಕೂಡಿತ್ತು. ಎಷ್ಟು ಬಗ್ಗಿ ನೋಡಿದರೂ ಸಂದು ಕಾಣದು.

"ನೋಡಿ, ನಿಮ್ಮದೇ! ಬೇರೆ ಯಾರದೂ ಹೊಂದ್ತಿರಲಿಲ್ಲ" ಎಂದು ಡಾಕ್ಟರು ಮುಖವೆಲ್ಲ ನಗು ಮಾಡಿಕೊಂಡು ಹೇಳಿದರು.

"ಯಾರನ್ನ ಕೇಳಿ ತಗೊಂಡ್ರಿ?"

ಗರಗಸದಮ್ಮ ಕನ್ನಡಕ ಹಣೆಗೇರಿಸಿದರು. "ಮಿಕ್ಕಿದ್ದು ತಾನೇ ಅಮ್ಮಾ. ಕಸದ ಬುಟ್ಟಿಗೆ ಹೋಗೋದು."

"ಕಸಕ್ಕೆ ಹಾಕ್ತೀನೋ ಒಲೆಗೆ ಹಾಕ್ತೀನೋ, ನನ್ನದು! ಕೇಳಿದ್ರೆ ಕೊಡ್ತಿರಲಿಲ್ವಾ ನಾನು? ಒಂದು ಮಾತು! ಒಂದೇ ಒಂದು ಮಾತು ಕೇಳೋಕೆ ನಿಮಗೆಲ್ಲ ಅಷ್ಟು ಕಷ್ಟನಾ?"

ಕೋಣೆಯಲ್ಲಿ ಉಜ್ಜುವ ಸದ್ದು ನಿಂತಿತು. ಒಂಬತ್ತು ಜನ ನನ್ನನ್ನೇ ನೋಡುತ್ತಿದ್ದರು. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಕೈ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಉಗುರಿನಷ್ಟು ಮರಕ್ಕೆ! ಮೇಜಿಗೆ ವಾಪಸು ಬಂದಾಗ ಪಾಪ, ಡಾಕ್ಟರು ಚಿಮುಟ ಹಿಡಿದು ತೇಪೆ ಕೀಳಲು ಹೊರಟಿದ್ದರು. ಅಂಟು ಕಚ್ಚಿಕೊಂಡಿತ್ತು. ಕ್ಷಮಿಸಿ ಎಂದು ನಾಲ್ಕು ಸಲ ಹೇಳಿ, ನನ್ನ ಹಲ್ಲೆಲ್ಲ ಪುಕ್ಕಟೆಯಾಗಿ ಶುಚಿ ಮಾಡಿಕೊಡುತ್ತೇನೆ ಎಂದರು.

ಅಣ್ಣನ ಮನೆಯಲ್ಲಿ ಇದನ್ನೇ ತಮಾಷೆಯಾಗಿ ಹೇಳಿದೆ. ಡಾಕ್ಟರು ಚಿಮುಟ ಹಿಡಿದದ್ದನ್ನು ಮಾಡಿ ತೋರಿಸಿದೆ. ಅಮ್ಮ, ಅತ್ತಿಗೆ ಬಿದ್ದು ಬಿದ್ದು ನಕ್ಕರು. ಅಣ್ಣ ನಗಲಿಲ್ಲ. "ಕೊನೆಗೆ ಏನಂದೆ?" ಎಂದು ಕೇಳಿದ. ಹೇಳಿದೆ. "ಇನ್ನೊಂದು ಸಲ ಹೇಳು" ಎಂದ. ಹೇಳಿದೆ. ಸುಸ್ತಾಗುತ್ತಿದೆ ಎಂದು ಎದ್ದು ಒಳಗೆ ಹೋದ. ಮೊನ್ನೆಗಿಂತ ನಿಧಾನವಾಗಿ ನಡೆಯುತ್ತಾನೆ.

ಮಾರ್ಚ್ ೧೧, ಸೋಮವಾರ

ಕಚೇರಿಯಲ್ಲಿ, ಮನೆಯ ನಲ್ಲಿಯಲ್ಲಿ ನೀರು ಬಾರದ ಹೆಂಗಸೊಬ್ಬಳು ಅರ್ಧ ಗಂಟೆ ಬೈದಳು. ಪೂರ್ತಿ ಕೇಳಿದೆ. ಹೋಗುವಾಗ ಥ್ಯಾಂಕ್ಸ್ ಅಂದಳು.

ಮಾರ್ಚ್ ೧೪, ಗುರುವಾರ

ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಫೋನು. "ಇಪ್ಪತ್ತೊಂದನೇ ತಾರೀಖು ನೀವು ಬರೋದು ಬೇಡ ಮೇಡಂ. ಪೇಷಂಟೇ ಬೇಡ ಅಂದಿದಾರೆ." ಯಾಕೆ ಎಂದೆ. ಅದೆಲ್ಲ ಗೊತ್ತಿಲ್ಲ ಎಂದರು.

ಹನ್ನೆರಡಕ್ಕೆ ಅಮ್ಮ. ಅಳು. "ನಿನ್ನದೂ ಆಗಲ್ವಂತಲ್ಲೇ! ಏನೋ ಪ್ರೋಟೀನ್ ಸೋರಿ ಹೋಗ್ತಿದೆಯಂತೆ ನಿಂಗೆ. ನಿಮ್ಮಣ್ಣ ರಿಪೋರ್ಟ್ ಕೇಳ್ಕೊಂಡು ಬಂದ. ನೀನೂ ಹುಷಾರಾಗಿರು ಕಂದಾ." ಕಂದಾ ಎಂದು ಕರೆದು ಎಷ್ಟು ವರ್ಷವಾಗಿತ್ತೋ. ನನಗೇನೂ ಸೋರುತ್ತಿಲ್ಲ, ನನ್ನ ರಿಪೋರ್ಟು ನನ್ನ ಹತ್ತಿರವೇ ಇದೆ. ಅಮ್ಮನಿಗೆ ಹೇಳಬಹುದಿತ್ತು.

"ಹೂಂ" ಎಂದೆ.

ಬಿಡುಗಡೆ. ಯಾರೂ ನನ್ನನ್ನು ದೂರುವಂತಿಲ್ಲ. ಸಂಜೆ ಬಸ್ಸು ಬಿಟ್ಟು ನಡೆದೇ ಮನೆಗೆ ಬಂದೆ. ಕಾಲು ಹಗುರವಾಗಿತ್ತು, ಅದು ನಿಜ.

ಮಾರ್ಚ್ ೧೫, ಶುಕ್ರವಾರ

ಚೆನ್ನಾಗಿ ನಿದ್ದೆ ಬಂತು. ಅದಕ್ಕೇ ಮುಖ ತೊಳೆಯುವಾಗ ಕನ್ನಡಿ ನೋಡಲಿಲ್ಲ.

ಮಾರ್ಚ್ ೧೭, ಭಾನುವಾರ

ಕಾರ್ಯಾಗಾರಕ್ಕೆಂದು ಹೊರಟವಳು ಅಣ್ಣನ ಮನೆಯ ನಿಲ್ದಾಣದಲ್ಲಿ ಇಳಿದೆ. ಅಮ್ಮ, ಅತ್ತಿಗೆ ತರಕಾರಿಗೆ ಹೋಗಿದ್ದರು. ನೀರು ಹೆಚ್ಚು ಕುಡಿಯುವಂತಿಲ್ಲವಲ್ಲ, ಅವನು ಐಸ್ ತುಂಡೊಂದನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದ.

"ನನ್ನ ಕಿಡ್ನಿಗೆ ಏನಾಗಿದೆ?" ಎಂದೆ.

"ಏನೂ ಆಗಿಲ್ಲ. ಚೆನ್ನಾಗಿದೆ."

"ಪ್ರೋಟೀನ್ ಸೋರ್ತಿದೆ ಅಂದೆಯಂತೆ."

"ಏನಾದ್ರೂ ಹೇಳಬೇಕಿತ್ತಲ್ಲ. ಡಯಾಲಿಸಿಸ್‌ನಲ್ಲಿ ಪಕ್ಕದ ಬೆಡ್ಡಿನವನನ್ನ ಕೇಳ್ದೆ. ಇದನ್ನ ಹೇಳಿ, ಯಾರೂ ಮರುಮಾತಾಡಲ್ಲ ಅಂದ."

ಮೈಯೆಲ್ಲ ಉರಿಯಿತು. "ಬೇಕು ಅನ್ನೋಕೂ ನೀವೇ, ಬೇಡ ಅನ್ನೋಕೂ ನೀನೇ. ಮಧ್ಯೆ ನಾನು ಯಾರು? ಚೆನ್ನಾಗಿರೋದನ್ನ ಕೆಟ್ಟಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀಯ, ಅದಕ್ಕಾದ್ರೂ ನನ್ನ ಕೇಳಿದ್ಯಾ?"

ಅವನು ಬಾಯಲ್ಲಿದ್ದ ಐಸ್ ಕಡಿದು ನುಂಗಿದ. ಆಮೇಲೆ, "ಆ ತುಣುಕಿನ ವಿಷಯ ಹೇಳಿದೆಯಲ್ಲ ಅವತ್ತು. ಅವರೆಲ್ಲ ನಕ್ಕರು. ನೀನು ಬೈದಿದ್ದು ಆ ಡಾಕ್ಟರಿಗಲ್ಲ ಅಂತ ನನಗೆ ಗೊತ್ತಾಯ್ತು" ಎಂದ.

ಹೀಗೂ ಇರಬಹುದೆಂದು ಆ ಕ್ಷಣದ ತನಕ ನನಗೆ ಹೊಳೆದೇ ಇರಲಿಲ್ಲ. ನಿಂತಿದ್ದವಳು ಕೂತೆ.

"ಗೊತ್ತಾದ ಮೇಲೆ ಕೇಳಬಹುದಿತ್ತಲ್ಲ."

"ಭಯ. ಕೇಳಿದ್ರೆ ನೀನು ಇಲ್ಲ ಅಂದುಬಿಟ್ರೆ? ಕೇಳದೆ ಸುಮ್ನಿದ್ರೆ ಅಮ್ಮ, ನಿಮ್ಮತ್ತಿಗೆ ಹೇಗೋ ಮಾಡಿಸಿಬಿಡ್ತಾರೆ, ನಾನು ಕಣ್ಣು ಮುಚ್ಕೊಂಡಿದ್ರೆ ಸಾಕು ಅಂದ್ಕೊಂಡಿದ್ದೆ. ಯಾವಾಗಲೂ ಹಾಗೇ ತಾನೇ ಮಾಡಿದ್ದು. ನಿನ್ನ ರೂಮೂ ಹಾಗೇ ತಾನೇ."

ಅದು ಅವನಿಗೆ ನೆನಪಿತ್ತು. ನಾನು ನೆಲ ನೋಡಿದೆ.

"ಈಗ ಕೇಳು."

"ಬೇಡ ಬಿಡೇ."

"ಕೇಳು ಅಂದ್ನಲ್ಲ."

ಐವತ್ತೆರಡು ವರ್ಷದ ಅಣ್ಣ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನನ್ನ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ. ಕೊನೆಗೆ ನೋಡಿದ.

"ನಿನ್ನದೊಂದು ಕಿಡ್ನಿ ನನಗೆ ಕೊಡ್ತೀಯೇನೇ? ನನಗೆ ಬದುಕಬೇಕು ಅಂತ ತುಂಬಾ ಆಸೆ ಇದೆ."

ಕೇಳಿದರೆ ಕೊಡುತ್ತಿದ್ದೆ ಎಂದು ಎರಡು ತಿಂಗಳಿಂದ ಹೇಳಿಕೊಂಡು ತಿರುಗಿದವಳು ನಾನು. ಕೇಳಿದಾಗ ಸಿಟ್ಟಾಗಲು ಯಾರೂ ಉಳಿದಿರಲಿಲ್ಲ. ಉಳಿದದ್ದು ಬರೀ ಭಯ. ಆ ಮೇಜು, ಆ ದೀಪ, ಕೊಯ್ದ ಮೇಲೆ ಎಚ್ಚರವಾಗದಿದ್ದರೆ, ಉಳಿದ ಒಂದೂ ಕೈಕೊಟ್ಟರೆ, ಆಗ ನನಗೆ ಯಾರು?

"ನನಗೆ ಭಯ ಆಗುತ್ತೆ ಅಣ್ಣಾ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

"ಗೊತ್ತು ಕಣೇ. ಇಲ್ಲ ಅಂದ್ರೂ ಏನಿಲ್ಲ. ಪ್ರೋಟೀನ್ ಕಥೆ ಇದ್ದೇ ಇದೆ. ಸಾಯೋ ತನಕ ಬಾಯಿ ಬಿಡಲ್ಲ ನಾನು."

"ಸಾಯೋ ಮಾತು ಯಾಕೆ ಈಗ?" ಎಂದು ಗದರಿದೆ. ಆಮೇಲೆ, "ಗುರುವಾರದ ಭೇಟಿ ಮತ್ತೆ ಹಾಕಿಸು. ಒಪ್ಪಿದೆ ಅಂತಲ್ಲ. ಯೋಚನೆ ಮಾಡ್ತೀನಿ" ಎಂದೆ.

"ಮಾಡು. ನಿಧಾನವಾಗಿ ಮಾಡು" ಎಂದ.

ಮಾರ್ಚ್ ೧೯, ಮಂಗಳವಾರ

ಕಪಾಟಿನ ಮೇಲಿಂದ ಆಸ್ಪತ್ರೆಯ ಪುಸ್ತಕ ಇಳಿಸಿದೆ. ಈ ಸಲ ಕೊನೆಯ ಪುಟದ ತನಕ ಓದಿದೆ. ಭಯ ಕಡಿಮೆಯಾಗಲಿಲ್ಲ. ಕೇಳಬೇಕಾದ ಹದಿನಾಲ್ಕು ಪ್ರಶ್ನೆ ಬರೆದುಕೊಂಡೆ.

ಮಾರ್ಚ್ ೨೧, ಗುರುವಾರ

ಬೆಳಿಗ್ಗೆ ಹತ್ತೂವರೆಗೆ ಭೇಟಿ. ಅಣ್ಣ, ಅತ್ತಿಗೆ, ಅಮ್ಮ ಹೊರಗಿನ ಬೆಂಚಿನಲ್ಲಿ ಕೂತರು. ನನ್ನ ರಿಪೋರ್ಟು ಇನ್ನೊಮ್ಮೆ ನೋಡುತ್ತಾರಂತೆ ಎಂದಷ್ಟೇ ಅಣ್ಣ ಅವರಿಬ್ಬರಿಗೆ ಹೇಳಿದ್ದ. ಒಳಗೆ ನಾನು ಮತ್ತು ಒಬ್ಬ ಹೆಂಗಸು ಡಾಕ್ಟರು, ಅಷ್ಟೇ. ಹದಿನಾಲ್ಕು ಪ್ರಶ್ನೆಗೂ ಉತ್ತರ ಹೇಳಿದರು. ಎರಡಕ್ಕೆ, ಅದು ನಮಗೂ ಖಚಿತವಾಗಿ ಗೊತ್ತಿಲ್ಲ ಎಂದರು.

ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು. "ನಿಮಗೆ ಬೇಡ ಅನ್ನಿಸಿದ್ರೆ ಈಗಲೂ ಹೇಳಿ. ಟೆಸ್ಟ್ ಸರಿ ಬರಲಿಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ. ನಿಜ ಯಾರಿಗೂ ಗೊತ್ತಾಗಲ್ಲ."

"ಆ ಸುಳ್ಳು ಆಗಲೇ ಒಂದು ಸಲ ಬಳಸಿ ಆಗಿದೆ ಡಾಕ್ಟ್ರೇ" ಎಂದೆ. ನಗು ಬಂತು. ಅವರಿಗೆ ಅರ್ಥವಾಗಲಿಲ್ಲ.

"ಮನೆಯವರ ಒತ್ತಾಯ ಇದೆಯಾ?"

"ಇತ್ತು. ಈಗಿಲ್ಲ."

"ಮತ್ತೆ ಯಾಕೆ ಕೊಡ್ತಿದೀರ?"

ಇದಕ್ಕೆ ದೊಡ್ಡ ಉತ್ತರವೊಂದನ್ನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದೆ.

"ನಮ್ಮಣ್ಣ ಕೇಳಿದ" ಎಂದೆ.

"ಭಯ ಇಲ್ವಾ?"

"ತುಂಬಾ ಇದೆ."

ಅವರು ಬರೆದುಕೊಂಡರು. ಏನು ಬರೆದುಕೊಂಡಿರಿ, ಓದಿ ಎಂದೆ. ಯಾರೂ ಹಾಗೆ ಕೇಳುವುದಿಲ್ಲವೇನೋ, ಒಂದು ಕ್ಷಣ ನನ್ನ ಮುಖ ನೋಡಿ ಓದಿದರು. "ಭಯ ಇದೆ. ಒತ್ತಾಯ ಇಲ್ಲ."

ಸರಿಯಾಗಿತ್ತು. ಕಾಗದ ನನ್ನ ಕಡೆ ತಿರುಗಿಸಿಕೊಂಡು ಸಹಿ ಹಾಕಿದೆ.